ಕಾಯುವ ಆಟ

(ಬಾನುಲಿ ಭಾಷಣ)



ಕ್ರಿಕೆಟ್ ಪಂದ್ಯದ ಲೆಕ್ಕ ಬರೆಯುವವರ ಪುಸ್ತಕವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಒಂದು ರನ್ನು ಬಂದರೆ ಅಲ್ಲಿ ಒಂದು ಎಂಬ ಅಂಕೆ ಬೀಳುತ್ತದೆ. ನಾಲ್ಕು ಬಂದರೆ ನಾಲ್ಕು. ಏನೂ ಬಾರದ ಚೆಂಡಿಗೆ ಒಂದು ಚುಕ್ಕೆ. ಸಂಜೆಗೆ ಅಂಕೆಗಳನ್ನೆಲ್ಲ ಕೂಡಿಸುತ್ತಾರೆ, ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಚುಕ್ಕೆಗಳನ್ನು ದಾಂಡಿಗನ ಹಿರಿಮೆಯ ಬಾಬಿಗೆ ಜಮಾ ಮಾಡುವ ಪದ್ಧತಿ ಇಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಆ ಚುಕ್ಕೆಗಳ ವಿಷಯವನ್ನು, ಮತ್ತು ಆ ಚುಕ್ಕೆಗಳನ್ನು ಎಲ್ಲರಿಗಿಂತ ಹೆಚ್ಚಾಗಿ ಗಳಿಸಿದ ನಮ್ಮ ನಾಡಿನ ಒಬ್ಬ ಆಟಗಾರರ ವಿಷಯವನ್ನು.

ರಾಹುಲ್ ದ್ರಾವಿಡರು 1996ರಿಂದ 2012ರವರೆಗೆ 164 ಟೆಸ್ಟ್ ಪಂದ್ಯಗಳನ್ನಾಡಿ 13,288 ರನ್ನುಗಳನ್ನು ಗಳಿಸಿದರು. ಇದು ಶಾಲೆಯ ಹುಡುಗರಿಗೂ ಬಾಯಿಪಾಠ. ಆದರೆ ಆ ರನ್ನುಗಳನ್ನು ಗಳಿಸುವ ಹೊತ್ತಿಗೆ ಅವರು ಎದುರಿಸಿದ ಚೆಂಡುಗಳು 31,258. ಟೆಸ್ಟ್ ಕ್ರಿಕೆಟ್ಟಿನ ಚರಿತ್ರೆಯಲ್ಲಿ ಮತ್ತಾವ ದಾಂಡಿಗನೂ ಇಷ್ಟು ಚೆಂಡುಗಳನ್ನು ಎದುರಿಸಿದ್ದಿಲ್ಲ. ಒಂದೊಂದು ರನ್ನೂ ಒಂದೊಂದು ಪ್ರತ್ಯೇಕ ಚೆಂಡಿನಿಂದಲೇ ಬಂತೆಂದು ಇಟ್ಟುಕೊಂಡರೂ ಏನನ್ನೂ ತಾರದ ಚೆಂಡುಗಳು 17,970 ಉಳಿಯುತ್ತವೆ. ನಾಲ್ಕು ನಾಲ್ಕಾಗಿ ಬಂದ ರನ್ನುಗಳೂ ಬಹಳವಾದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ದೊಡ್ಡದೇ ಇರಬೇಕು. ಇಷ್ಟರ ನಡುವೆ ಅವರು ಔಟಾದುದು 254 ಬಾರಿ. ಸರಾಸರಿ ನೂರ ಇಪ್ಪತ್ತಮೂರು ಚೆಂಡುಗಳಿಗೆ ಒಂದು ಬಾರಿ. ಹಾಗಾದರೆ ಆ ಹದಿನೆಂಟು ಸಾವಿರ ಚುಕ್ಕೆಗಳಲ್ಲಿ ನಡೆದುದೇನು? ಏನೂ ನಡೆಯಲಿಲ್ಲ ಎಂದು ಪುಸ್ತಕ ಹೇಳುತ್ತದೆ. ಏನೂ ನಡೆಯದಂತೆ ನೋಡಿಕೊಂಡವರು ಒಬ್ಬರಿದ್ದರು ಎಂಬುದನ್ನು ಅದು ಹೇಳುವುದಿಲ್ಲ.

ಇಂಥ ಕೆಲಸಕ್ಕೆ ದೂರದ ಇನ್ನೊಂದು ನಾಡಿನಲ್ಲಿ, ಇನ್ನೊಂದು ಆಟದಲ್ಲಿ, ಒಂದು ಬಹುಮಾನವನ್ನೇ ಇಟ್ಟಿದ್ದಾರೆ. ಉತ್ತರ ಅಮೆರಿಕದ ಐಸ್ ಹಾಕಿ ನಮ್ಮ ಹಾಕಿಯಂತಲ್ಲ. ಹೆಪ್ಪುಗಟ್ಟಿದ ನೀರಿನ ಅಂಗಳ. ಕಾಲಿಗೆ ಉಕ್ಕಿನ ಅಲಗು ಕಟ್ಟಿದ ಬೂಟು. ಚೆಂಡಿಗೆ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ. ಒಂದು ಪಕ್ಷದಲ್ಲಿ ಸಾಮಾನ್ಯವಾಗಿ ಗೋಲಿಯೂ ಸೇರಿ ಆರು ಮಂದಿ. ಅವರಲ್ಲಿ ಮೂವರು ಫಾರ್ವರ್ಡುಗಳು, ಅಂದರೆ ಮುನ್ನುಗ್ಗಿ ಗೋಲು ಹೊಡೆಯಬೇಕಾದವರು. ಅಲ್ಲಿನ ನ್ಯಾಷನಲ್ ಹಾಕಿ ಲೀಗಿನವರು 1977–78ರ ಋತುವಿನಿಂದ ಫ್ರಾಂಕ್ ಸೆಲ್ಕಿ ಹೆಸರಿನಲ್ಲಿ ಒಂದು ಪಾರಿತೋಷಕವನ್ನು ಆರಂಭಿಸಿದರು. ಅದು ಸಲ್ಲುವುದು ಅತಿ ಹೆಚ್ಚು ಗೋಲು ಹೊಡೆದವರಿಗಲ್ಲ. ಫಾರ್ವರ್ಡ್ ಆಗಿದ್ದೂ ರಕ್ಷಣೆಯಲ್ಲಿ ಅತಿಶಯ ಕೌಶಲ ತೋರಿದವರಿಗೆ. ಮೊದಲ ನಾಲ್ಕು ವರ್ಷ ಅದನ್ನು ಒಬ್ಬರೇ ಗೆದ್ದರು. ಅವರು ಮಾಂಟ್ರಿಯಲ್ ತಂಡದ ಬಾಬ್ ಗೇನಿ. ಎದುರು ಪಕ್ಷದ ಪ್ರಚಂಡ ಗೋಲುಗಾರನ ಮಗ್ಗುಲಲ್ಲೇ ಜಾರುತ್ತಿದ್ದು ಅವನಿಗೆ ಬಿಲ್ಲೆ ದಕ್ಕದಂತೆ ಮಾಡುವುದು ಅವರ ಕಸುಬು. 1,160 ಪಂದ್ಯಗಳಲ್ಲಿ ಅವರು ಹೊಡೆದದ್ದು 239 ಗೋಲು. ಫಾರ್ವರ್ಡಿಗೆ ಇದು ದೊಡ್ಡ ಸಂಖ್ಯೆಯಲ್ಲ. ಆದರೂ 1979ರಲ್ಲಿ ಅಂತಿಮ ಸುತ್ತುಗಳ ಅತ್ಯಂತ ಮೌಲಿಕ ಆಟಗಾರನೆಂದು ಆರಿಸಿದ್ದು ಅವರನ್ನೇ. ಅವರಿದ್ದ ಕಾಲದಲ್ಲಿ ಮಾಂಟ್ರಿಯಲ್ ಐದು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದಿತು.

ನಮ್ಮ ಕೊಡಗಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ತಂದ ತಂಡದಲ್ಲಿದ್ದು, 1988ರಲ್ಲಿ ಸೋಲ್ ನಗರದಲ್ಲಿ ಭಾರತದ ನಾಯಕರಾದ ಎಂ. ಎಂ. ಸೋಮಯ್ಯನವರು ಹಾಫ್ ಸ್ಥಾನದ ಆಟಗಾರರು. ಅವರ ಹೆಸರಿನ ಮುಂದೆ ಗೋಲುಗಳ ಪಟ್ಟಿಯನ್ನು ಹುಡುಕುವವರು ಹಾಕಿಯನ್ನು ನೋಡಿಲ್ಲವೆಂದೇ ಅರ್ಥ. ಕ್ರಿಕೆಟ್ಟಿನಲ್ಲಿ ಮಾತ್ರ, ರನ್ನು ತರಬೇಕಾದ ದಾಂಡಿಗ ತಡೆಯುವುದರಲ್ಲಿ ಮೇಲಾದರೆ ಅವನಿಗೊಂದು ಅಡ್ಡ ಹೆಸರಿಟ್ಟು ಸುಮ್ಮನಾಗುತ್ತೇವೆ.

ಕಾವ್ಯದಲ್ಲಾದರೂ ನಾವು ಹೆಚ್ಚು ಉದಾರಿಗಳೇನಲ್ಲ. ಕನ್ನಡದ ಮೇಷ್ಟರಾಗಿ ದುಡಿದವನಾದ್ದರಿಂದ ನನಗೆ ಇಲ್ಲಿ ಸೈಂಧವನ ನೆನಪು ಬರುತ್ತದೆ. ಚಕ್ರವ್ಯೂಹದ ಬಾಗಿಲಲ್ಲಿ ನಿಂತು ಧರ್ಮರಾಯ, ಭೀಮ, ನಕುಲ, ಸಹದೇವ ನಾಲ್ವರನ್ನೂ ಒಂದು ಹಗಲು ಒಳಗೆ ಬಿಡದೆ ತಡೆದವನು ಅವನು. ಅಭಿಮನ್ಯುವಿನ ಅಂತ್ಯ ನಿಶ್ಚಯವಾದದ್ದು ಆ ಬಾಗಿಲಲ್ಲಿ. ಅವನದು ಅಧರ್ಮದ ಪಕ್ಷ, ಬಲವೂ ಶಿವನು ಕೊಟ್ಟ ವರದ್ದು. ಅವನನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಗದುಗಿನ ಭಾರತದ ದ್ರೋಣಪರ್ವವನ್ನು ಓದಿದ ವಿದ್ಯಾರ್ಥಿಗಳನ್ನು, ಆ ದಿನದ ಯುದ್ಧವನ್ನು ನಿರ್ಣಯಿಸಿದವರು ಯಾರೆಂದು ಕೇಳಿದರೆ, ದ್ರೋಣನ ಹೆಸರು ಬರುತ್ತಿತ್ತು, ಕರ್ಣನ ಹೆಸರು ಬರುತ್ತಿತ್ತು. ಸೈಂಧವನ ಹೆಸರು ಹೇಳಿದವರು ಅಪರೂಪ. ಹೊಡೆದವನು ಕಣ್ಣಿಗೆ ಬೀಳುತ್ತಾನೆ. ತಡೆದವನನ್ನು ಕಾಣಲು ಆಗದೆ ಹೋದ ಸಂಗತಿಯನ್ನು ಊಹಿಸಿಕೊಳ್ಳಬೇಕಾಗುತ್ತದೆ. ಅದು ಸ್ವಲ್ಪ ಪ್ರಯಾಸದ ಕೆಲಸ.

ಇರಲಿ, ದ್ರಾವಿಡರ ವಿಷಯಕ್ಕೆ ಬರೋಣ. 1973ರ ಜನವರಿ 11ರಂದು ಅವರು ಹುಟ್ಟಿದ್ದು ಇಂದೋರಿನಲ್ಲಿ. ಬೆಳೆದದ್ದು, ಕಲಿತದ್ದು, ಆಡಿದ್ದು ಬೆಂಗಳೂರಿನಲ್ಲಿ. ತಂದೆ ಜ್ಯಾಮ್ ತಯಾರಿಸುವ ಕಿಸಾನ್ ಕಂಪನಿಯಲ್ಲಿದ್ದರು. ಹಾಗಾಗಿ ಗೆಳೆಯರ ಬಾಯಲ್ಲಿ ಮಗ ‘ಜ್ಯಾಮಿ’ಯಾದ. ತಾಯಿ ವಾಸ್ತುಶಿಲ್ಪದ ಪ್ರಾಧ್ಯಾಪಕಿ. ಬೇಸಿಗೆ ಶಿಬಿರಗಳಲ್ಲಿ ಕೆಕಿ ತಾರಾಪೋರರ ಕೈಕೆಳಗೆ ಆಟದ ಓನಾಮ ತಿದ್ದಿ, 1991ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಕರ್ನಾಟಕಕ್ಕಾಗಿ ಮೊದಲ ರಣಜಿ ಪಂದ್ಯ ಆಡಿದರು, ಗಳಿಸಿದ್ದು 82. ಐದು ವರ್ಷಗಳ ಅನಂತರ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್. ಅಲ್ಲಿ ಅವರು 95ಕ್ಕೆ ಔಟಾದರು. ಅದೇ ಪಂದ್ಯದಲ್ಲಿ, ಅದೇ ಮೊದಲ ಬಾರಿಗೆ ಟೆಸ್ಟ್ ಆಡುತ್ತಿದ್ದ ಸೌರವ್ ಗಂಗೂಲಿ 131 ಹೊಡೆದಿದ್ದರು. ಮರುದಿನದ ಪತ್ರಿಕೆಗಳು ಯಾರನ್ನು ಕೊಂಡಾಡಿರಬಹುದೆಂದು ಹೇಳಬೇಕಾಗಿಲ್ಲ. ಇನ್ನೊಬ್ಬರ ಶತಕದ ನೆರಳಿನಲ್ಲಿ ನಿಲ್ಲುವ ಈ ಯೋಗ ಅವರಿಗೆ ಮುಂದೆಯೂ ಅನೇಕ ಬಾರಿ ಒದಗಿತು.

ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ಟುಗಳ ವರ್ಣನೆಯನ್ನು ರೇಡಿಯೋದ ಮುಂದೆ ಕುಳಿತು ಕೇಳಿ ಬೆಳೆದ ತಲೆಮಾರು ನಮ್ಮದು. ಬೊಂಬಾಯಿಯ ಹದಿನೈದು ವರ್ಷಗಳ ದಿಗ್ವಿಜಯವನ್ನು ಮುರಿದು 1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದಾಗ ನಾವಿನ್ನೂ ಹುಡುಗರು. ಆ ರುಚಿಗೆ ಒಗ್ಗಿದ ನಮಗೆ, ಚೆಂಡನ್ನು ಹೊಡೆಯುವುದಕ್ಕಿಂತ ಬಿಡುವುದರಲ್ಲಿ, ತಡೆಯುವುದರಲ್ಲಿ ಹೆಚ್ಚು ಮುತುವರ್ಜಿ ತೋರುವ ಈ ತರುಣ ಮೊದಲಿಗೆ ಸಪ್ಪೆಯೆನಿಸಿದ್ದರೆ ಆಶ್ಚರ್ಯವಿಲ್ಲ. ಜನ ಅವರನ್ನು ಗೋಡೆ ಎಂದು ಕರೆದರು. ಮೆಚ್ಚುಗೆಯಿಂದಲೇ ಕರೆದರು. ಆದರೆ ಆ ಹೆಸರು ಅವರ ಆಟಕ್ಕೆ ಒಪ್ಪುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ಗೋಡೆಗೆ ಬಡಿದ ಚೆಂಡು ಹಿಂದಕ್ಕೆ ಪುಟಿಯುತ್ತದೆ. ದ್ರಾವಿಡರ ಬ್ಯಾಟಿಗೆ ತಾಕಿದ ಚೆಂಡು ಅವರ ಕಾಲ ಬಳಿಯೇ ಸತ್ತು ಬೀಳುತ್ತಿತ್ತು. ವೇಗದ ಬೌಲರನ ಕೈಬಿಟ್ಟ ಚೆಂಡು ದಾಂಡಿಗನನ್ನು ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ಅಷ್ಟರಲ್ಲಿ ಅವನು ನಿರ್ಧರಿಸಬೇಕಾದ ಸಂಗತಿಗಳು ಹಲವು. ಇದನ್ನು ಆಡಬೇಕೇ, ಬಿಡಬೇಕೇ? ಆಡುವುದಾದರೆ ಕಾಲು ಮುಂದಿಡಬೇಕೇ, ಹಿಂದಿಡಬೇಕೇ? ಬ್ಯಾಟನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಸೂಕ್ಷ್ಮ. ಕೆಳಗಿನ ಕೈ ಬಿಗಿಯಾಗಿದ್ದರೆ ಅಂಚಿಗೆ ತಗುಲಿದ ಚೆಂಡು ನೇರವಾಗಿ ಸ್ಲಿಪ್ಪಿನಲ್ಲಿ ಕಾದವನ ಅಂಗೈ ಸೇರುತ್ತದೆ. ಕೈ ಸಡಿಲವಾಗಿದ್ದರೆ ಅದೇ ಚೆಂಡು ಅವನಿಗಿಂತ ಒಂದು ಗೇಣು ಮುಂಚೆಯೇ ನೆಲಕ್ಕೆ ಬೀಳುತ್ತದೆ. ದ್ರಾವಿಡರು ತಲೆಯನ್ನು ಚೆಂಡಿನ ಮೇಲೆ ತಂದು, ಆದಷ್ಟೂ ತಡವಾಗಿ, ಕಣ್ಣ ಕೆಳಗೇ ಆಡುತ್ತಿದ್ದರು, ಕೈ ಮೃದುವಾಗಿರುತ್ತಿತ್ತು. ತಮ್ಮ ಆಫ್ ಸ್ಟಂಪು ಎಲ್ಲಿದೆಯೆಂಬುದನ್ನು, ಕತ್ತಲಲ್ಲಿ ತನ್ನ ಮನೆಯ ಹೊಸಿಲನ್ನು ಬಲ್ಲ ಮುದುಕನಂತೆ ಬಲ್ಲವರಾಗಿದ್ದರು. ಆದುದರಿಂದ ಅದರ ಹೊರಗೆ ಹೋಗುವ ಚೆಂಡನ್ನು ಬ್ಯಾಟು ಮೇಲೆತ್ತಿ ಬಿಟ್ಟುಬಿಡುತ್ತಿದ್ದರು. ಗೋಡೆಗೆ ಬಿಡುವ ಸ್ವಾತಂತ್ರ್ಯ ಎಲ್ಲಿಯದು?

ಇನ್ನೊಂದು ಮಾತು ತಾಳ್ಮೆ. ತಾಳ್ಮೆ ಸದ್ಗುಣ, ಆದರೆ ಕೌಶಲವನ್ನು ಸದ್ಗುಣವೆಂದು ಹೊಗಳುವುದರಲ್ಲಿ ಅದರ ಶ್ರಮವನ್ನು ಮರೆಸುವ ಅಪಾಯವಿದೆ. ನಮ್ಮ ಕಂದಿಕೆರೆ, ತಿಪಟೂರು, ತುರುವೇಕೆರೆಗಳ ಕಡೆಯವರಿಗೆ ಉಂಡೆ ಕೊಬ್ಬರಿಯ ದೃಷ್ಟಾಂತ ಸಾಕು. ಬಲಿತ ಕಾಯನ್ನು ಸಿಪ್ಪೆಯೊಡನೆ ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ವರ್ಷವೇ ಇಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಲೊಟಲೊಟ ಎನ್ನಬೇಕು. ಪರಊರಿನವರು ನೋಡಿದರೆ ಕಾಯಿ ಸುಮ್ಮನೆ ಬಿದ್ದಿದೆ ಎನ್ನುತ್ತಾರೆ. ಸುಮ್ಮನೆ ಬಿದ್ದಿರುವುದಿಲ್ಲ. ಎಳಸು ಕಾಯಿ ಸೇರದಂತೆ ಆರಿಸಬೇಕು, ಸೂರು ಸೋರದಂತೆ, ಬೂಷ್ಟು ಹಿಡಿಯದಂತೆ, ಇಲಿ ಹೊಗದಂತೆ ನೋಡಬೇಕು. ಕನ್ನಡದಲ್ಲಿ ‘ಕಾಯು’ ಎಂಬ ಒಂದೇ ಕ್ರಿಯಾಪದಕ್ಕೆ ಎದುರುನೋಡು ಎಂಬ ಅರ್ಥವೂ ಇದೆ, ರಕ್ಷಿಸು ಎಂಬ ಅರ್ಥವೂ ಇದೆ. ತೋಟದವನಿಗೆ ಇವೆರಡೂ ಬೇರೆ ಬೇರೆ ಕೆಲಸಗಳಲ್ಲ. ದ್ರಾವಿಡರು ಕಾಯುತ್ತಿದ್ದರು ಎಂದರೆ ಈ ಎರಡರ್ಥವೂ ಒಟ್ಟಿಗೇ ಬರಬೇಕು.

ಈಗ ಒಂದೆರಡು ನಿದರ್ಶನಗಳನ್ನು ನೋಡೋಣ. 2001ರ ಮಾರ್ಚ್, ಕಲ್ಕತ್ತೆಯ ಈಡನ್ ಗಾರ್ಡನ್ಸ್. ಸತತವಾಗಿ ಹದಿನಾರು ಟೆಸ್ಟ್ ಗೆದ್ದು ಬಂದ ಆಸ್ಟ್ರೇಲಿಯ 445 ಗಳಿಸಿತ್ತು. ಭಾರತ 171ಕ್ಕೆ ಮುಗ್ಗರಿಸಿ, 274 ರನ್ನುಗಳ ಹಿನ್ನಡೆಯಲ್ಲಿ ಮತ್ತೆ ಆಡಲು ಇಳಿಯಿತು. ಮೊದಲ ಸರದಿಯಲ್ಲಿ ಚೆನ್ನಾಗಿ ಆಡಿದ್ದ ಲಕ್ಷ್ಮಣರನ್ನು ಮೂರನೆಯ ಕ್ರಮಾಂಕಕ್ಕೆ ಏರಿಸಿ, ಆ ಸ್ಥಾನದವರಾದ ದ್ರಾವಿಡರನ್ನು ಆರನೆಯದಕ್ಕೆ ಇಳಿಸಿದರು. ನಾಲ್ಕನೆಯ ವಿಕೆಟ್ಟು 232ಕ್ಕೆ ಬಿದ್ದಾಗ ಅವರು ಒಳಗೆ ಬಂದರು; ಇನ್ನಿಂಗ್ಸ್ ಸೋಲು ತಪ್ಪಲು ಇನ್ನೂ 42 ರನ್ನು ಬೇಕಿತ್ತು. ಆಮೇಲೆ ನಡೆದದ್ದು ಪುರಾಣದಂತೆ ಜನಜನಿತವಾಗಿದೆ. ಮಾರ್ಚ್ 14ರಂದು, ನಾಲ್ಕನೆಯ ದಿನ, ಬೆಳಗಿನಿಂದ ಸಂಜೆಯವರೆಗೆ ಒಂದು ವಿಕೆಟ್ಟೂ ಬೀಳಲಿಲ್ಲ. ಇಬ್ಬರೂ ಸೇರಿ 376 ಗಳಿಸಿದರು. ಲಕ್ಷ್ಮಣರ 281, ದ್ರಾವಿಡರ 180. ಭಾರತ 171 ರನ್ನುಗಳಿಂದ ಗೆದ್ದಿತು. ಜನ ಆ ಪಂದ್ಯವನ್ನು ಲಕ್ಷ್ಮಣರ ಹೆಸರಿನಿಂದ ನೆನೆಯುತ್ತಾರೆ, ಅದು ನ್ಯಾಯವೇ. ಆ ಮಣಿಕಟ್ಟಿನ ಸೊಬಗನ್ನು ಮರೆಯಲಾದೀತೆ! ಆದರೆ ಲಕ್ಷ್ಮಣರು ಹಾಗೆ ನಿರ್ಭಯವಾಗಿ ಆಡಲು ಎದುರು ತುದಿ ಭದ್ರವಾಗಿರಬೇಕಿತ್ತು. ದ್ರಾವಿಡರು 353 ಚೆಂಡು ಎದುರಿಸಿದರು. ಕೊನೆಗೂ ಯಾವ ಬೌಲರನಿಗೂ ಅವರು ಒಲಿಯಲಿಲ್ಲ, ರನ್ ಔಟಾದರು.

ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು 2002ರ ಆಗಸ್ಟಿನ ಲೀಡ್ಸ್ ಪಂದ್ಯ. ಮೋಡ ಕವಿದ ಆಕಾಶ, ತೇವದ ನೆಲ. ಚೆಂಡು ಗಾಳಿಯಲ್ಲೂ ತಿರುಗುತ್ತದೆ, ನೆಲ ಮುಟ್ಟಿದ ಮೇಲೂ ಹೊರಳುತ್ತದೆ. ಅಂಥಲ್ಲಿ ಟಾಸ್ ಗೆದ್ದ ಗಂಗೂಲಿ ಬ್ಯಾಟಿಂಗನ್ನೇ ಆರಿಸಿಕೊಂಡರು. ಸೆಹ್ವಾಗ್ ಬೇಗನೆ ಹೋದರು. ಅಲ್ಲಿಂದ ದ್ರಾವಿಡರೂ ಸಂಜಯ್ ಬಾಂಗರರೂ ಸೇರಿ 170 ರನ್ನು ಕೂಡಿಸಿದರು. ಮೈಗೆ ಪೆಟ್ಟು ಬಿದ್ದವು, ಬ್ಯಾಟು ಮತ್ತೆ ಮತ್ತೆ ಗಾಳಿಯನ್ನು ಸವರಿತು, ವಿಕೆಟ್ಟು ಬೀಳಲಿಲ್ಲ. ಬಾಂಗರ್ 68, ದ್ರಾವಿಡ್ 148. ಚೆಂಡು ಹಳತಾಗಿ, ಬೌಲರುಗಳು ಬಸವಳಿದ ಮೇಲೆ ತೆಂಡೂಲ್ಕರ್ 193, ಗಂಗೂಲಿ 128 ಹೊಡೆದರು. ಭಾರತ ಇನ್ನಿಂಗ್ಸ್ ಮತ್ತು 46 ರನ್ನುಗಳಿಂದ ಗೆದ್ದಿತು. ಅಂಕೆಗಳನ್ನಷ್ಟೇ ಓದುವವರಿಗೆ ತೆಂಡೂಲ್ಕರರೇ ಹಿರಿಯರು. ಆ ಮೊದಲ ದಿನದ ಚುಕ್ಕೆಗಳನ್ನು ಓದಬಲ್ಲವರಿಗೆ, ಮುಂದಿನ ದೊಡ್ಡ ಶತಕಗಳೆರಡೂ ಯಾವ ಅಡಿಪಾಯದ ಮೇಲೆ ಎದ್ದವೆಂಬುದು ತಿಳಿಯುತ್ತದೆ. ಪಂದ್ಯದ ಶ್ರೇಷ್ಠ ಆಟಗಾರನೆಂಬ ಮನ್ನಣೆ ಅಂದು ದ್ರಾವಿಡರಿಗೇ ಸಂದಿತು ಎಂಬುದು ಸಂತೋಷದ ವಿಷಯ.

2003ರ ಅಡಿಲೇಡ್ (233 ಮತ್ತು ಔಟಾಗದೆ 72), 2004ರ ರಾವಲ್ಪಿಂಡಿ (495 ಚೆಂಡುಗಳಲ್ಲಿ 270), ಇವನ್ನೆಲ್ಲ ನೀವು ಬಲ್ಲಿರಿ. 2006ರ ಕಿಂಗ್‌ಸ್ಟನ್ ಪಂದ್ಯವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಇಡೀ ಪಂದ್ಯದಲ್ಲಿ ಯಾವ ಪಕ್ಷವೂ 219ನ್ನು ಮೀರದಂಥ ಕೆಟ್ಟ ನೆಲ. ನಾಯಕರಾಗಿದ್ದ ದ್ರಾವಿಡರು ಅಲ್ಲಿ 81 ಮತ್ತು 68 ಗಳಿಸಿದರು. ಭಾರತ ಗೆದ್ದದ್ದು 49 ರನ್ನುಗಳಿಂದ. ವೆಸ್ಟ್ ಇಂಡೀಸಿನಲ್ಲಿ 1971ರ ಅನಂತರ ಮೊದಲ ಸರಣಿ ಜಯ ಅದು. ಅಲ್ಲಿ ಶತಕವಿಲ್ಲ, ಹಾಗಾಗಿ ಪ್ರಸಿದ್ಧಿಯೂ ಇಲ್ಲ.

ಎಲ್ಲವೂ ಹೊಗಳಿಕೆಗೆ ಯೋಗ್ಯವೆಂದು ನಾನು ಹೇಳುವುದಿಲ್ಲ. 1998ರಲ್ಲಿ, ನಿಧಾನವೆಂಬ ಕಾರಣಕ್ಕೆ ಅವರನ್ನು ಒಂದು ದಿನದ ಪಂದ್ಯಗಳ ತಂಡದಿಂದ ಬಿಟ್ಟರು. ಅದಕ್ಕೆ ಉತ್ತರ ಬೇಗ ಬಂತು: 1999ರ ವಿಶ್ವಕಪ್ಪಿನಲ್ಲಿ 461 ರನ್ನು ಗಳಿಸಿ ಅವರೇ ಎಲ್ಲರಿಗಿಂತ ಮುಂದಿದ್ದರು. ತಂಡಕ್ಕೆ ಇನ್ನೊಬ್ಬ ದಾಂಡಿಗ ಬೇಕೆಂದಾಗ ಗ್ಲೌಸು ತೊಟ್ಟು 73 ಪಂದ್ಯಗಳಲ್ಲಿ ವಿಕೆಟ್ಟು ಕಾದರು. ಆದರೆ 2007ರ ವಿಶ್ವಕಪ್ಪಿನಲ್ಲಿ ಅವರ ನಾಯಕತ್ವದ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಅದೇ ವರ್ಷದ ಕೊನೆಯಲ್ಲಿ ಮೆಲ್ಬರ್ನಿನಲ್ಲಿ 66 ಚೆಂಡು ಆಡಿ 5 ರನ್ನು ಗಳಿಸಿದರು. ಮುಂದಿನ ವಾರ ಸಿಡ್ನಿಯಲ್ಲಿ ಅವರ ಮೊತ್ತ 18ರಲ್ಲೇ ಎಷ್ಟೋ ಹೊತ್ತು ನಿಂತುಬಿಟ್ಟಿತು. ಕೊನೆಗೊಂದು ರನ್ನು ಬಂದಾಗ ಪ್ರೇಕ್ಷಕರು ಶತಕವೆಂಬಂತೆ ಚಪ್ಪಾಳೆ ತಟ್ಟಿದರು, ಅವರೂ ಬ್ಯಾಟು ಎತ್ತಿ ನಕ್ಕರು. ಆ ದಿನಗಳ ತಡೆಯಲ್ಲಿ ಕಲೆಗಿಂತ ಅಂಜಿಕೆ ಹೆಚ್ಚಾಗಿತ್ತೆಂದೇ ನನ್ನ ಭಾವನೆ. ಚುಕ್ಕೆಗಳಲ್ಲೂ ಜೊಳ್ಳಿರುತ್ತದೆ. ಎದುರಾಳಿಯನ್ನು ದಣಿಸುವ ಚುಕ್ಕೆ ಬೇರೆ, ತನ್ನವರನ್ನೇ ಕಂಗೆಡಿಸುವ ಚುಕ್ಕೆ ಬೇರೆ. ಅದನ್ನು ಅವರೂ ಅರಿತಿರಬೇಕು. ಅದೇ ಜನವರಿಯಲ್ಲಿ ಪರ್ತ್‌ನಲ್ಲಿ ಅವರು ಗಳಿಸಿದ 93 ಭಾರತದ ಗೆಲುವಿಗೆ ಆಸರೆಯಾಯಿತು.

ಸ್ಲಿಪ್ಪಿನಲ್ಲಿ ನಿಂತು ಅವರು ಹಿಡಿದ ಕ್ಯಾಚುಗಳ ಮಾತನ್ನೂ ಸೇರಿಸಬೇಕು. ಅದೂ ಕಾಯುವ ಕೆಲಸವೇ. ದಿನವಿಡೀ ಮಂಡಿ ಬಾಗಿಸಿ ನಿಂತರೆ ಒಮ್ಮೆ ಬರುವ ಚೆಂಡು. ಟೆಸ್ಟಿನಲ್ಲಿ 210 ಕ್ಯಾಚು ಹಿಡಿದರು. ಅದರಲ್ಲಿ ಐವತ್ತಕ್ಕೂ ಹೆಚ್ಚು ನಮ್ಮ ಅನಿಲ್ ಕುಂಬ್ಳೆಯವರ ಬೌಲಿಂಗಿನಲ್ಲಿ. ವಿಕೆಟ್ ಕೀಪರರನ್ನು ಬಿಟ್ಟರೆ ಅದು ದಾಖಲೆಯಾಗಿತ್ತು. 2025ರ ಜುಲೈಯಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ಜೋ ರೂಟ್ ಅದನ್ನು ದಾಟಿದರು. ಆ ಕ್ಯಾಚಿಗೆ ಔಟಾದವರು ಕರುಣ್ ನಾಯರ್. ಕರ್ನಾಟಕದ ಪರವಾಗಿ ತ್ರಿಶತಕ ಬಾರಿಸಿದವರೇ ಆಗಬೇಕೆ!

2011–12ರ ಆಸ್ಟ್ರೇಲಿಯ ಪ್ರವಾಸದಲ್ಲಿ ಅವರು ಮತ್ತೆ ಮತ್ತೆ ಬೌಲ್ಡ್ ಆದರು. ಬ್ಯಾಟಿಗೂ ಪ್ಯಾಡಿಗೂ ನಡುವೆ ಹಿಂದೆಂದೂ ಕಾಣದಿದ್ದ ಸಂದು ಕಂಡಿತು. ಮೂವತ್ತೊಂಬತ್ತು ತುಂಬಿತ್ತು. 2012ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಿವೃತ್ತಿಯನ್ನು ಪ್ರಕಟಿಸಿದರು. ಮುಂದೆ ಕಿರಿಯರ ತಂಡಕ್ಕೆ, ಹಿರಿಯರ ತಂಡಕ್ಕೆ ತರಬೇತುದಾರರಾದರು; 2024ರ ಜೂನ್ 29ರಂದು ಭಾರತ ಟ್ವೆಂಟಿ–20 ವಿಶ್ವಕಪ್ಪನ್ನು ಗೆದ್ದಾಗ ತಂಡದ ತರಬೇತುದಾರರು ಅವರೇ. ಸಿಕ್ಸರುಗಳ ಆಟದಲ್ಲಿ ಚುಕ್ಕೆಗಳ ಯಜಮಾನ!

ನಿವೃತ್ತಿಗೆ ಏಳು ತಿಂಗಳ ಹಿಂದಿನ ಒಂದು ಪಂದ್ಯವನ್ನು ಹೇಳದೆ ಮುಗಿಸಲಾರೆ. 2011ರ ಆಗಸ್ಟ್, ಲಂಡನ್ನಿನ ಓವಲ್ ಮೈದಾನ. ಭಾರತ ಆಗಲೇ ಮೂರು ಟೆಸ್ಟ್ ಸೋತಿತ್ತು. ಆ ಸೋಲುಗಳ ನಡುವೆ ಲಾರ್ಡ್ಸ್‌ನಲ್ಲಿ, ನಾಟಿಂಗ್‌ಹ್ಯಾಮಿನಲ್ಲಿ ಶತಕ ಹೊಡೆದವರು ಇವರೊಬ್ಬರೇ. ಇಲ್ಲಿ ಇಂಗ್ಲೆಂಡ್ ಆರು ವಿಕೆಟ್ಟಿಗೆ 591 ಗಳಿಸಿ ಡಿಕ್ಲೇರ್ ಮಾಡಿಕೊಂಡಿತು. ಗಂಭೀರ್ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರಿಂದ ದ್ರಾವಿಡರೇ ಆರಂಭಕ್ಕೆ ಇಳಿದರು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಹೋದರು. 300ಕ್ಕೆ ತಂಡ ಮುಗಿದಾಗ ಅವರು 146 ಗಳಿಸಿ ಔಟಾಗದೆ ಉಳಿದಿದ್ದರು. ಅಂಗಳದಿಂದ ಹೊರಗೆ ಹೋದರು. ಇಂಗ್ಲೆಂಡ್ ಫಾಲೋ ಆನ್ ಕೇಳಿತು. ಇನ್ನಿಂಗ್ಸುಗಳ ನಡುವೆ ಇರುವುದು ಹತ್ತು ನಿಮಿಷ. ಆ ಹತ್ತು ನಿಮಿಷ ಕಳೆದ ಮೇಲೆ ಸೆಹ್ವಾಗರ ಜೊತೆ ಮತ್ತೆ ಆಟ ಆರಂಭಿಸಲು ಮೆಟ್ಟಿಲಿಳಿದು ಬಂದವರು ಅವರೇ.